ಅವ್ವ ಕೈಮುಗಿಯದ ಬೆಳಕು

ನಮ್ಮ ಮನೆಗೆ ಕ್ಯಾಮೆರಾ ಬಂದ ದಿನ ನಾನು ನಮ್ಮ ಯಜಮಾನರ ಜೊತೆ ಮಾತು ಬಿಟ್ಟೆ. ಮಳವಳ್ಳಿಯಲ್ಲಿ ಫೋಟೊ ತೆಗೆಯುತ್ತಿದ್ದ ಮುದುಕರೊಬ್ಬರು ಕಣ್ಣು ಮಂಜಾಗಿ ಕಸುಬು ಬಿಟ್ಟಿದ್ದರು. ಅವರ ಹಳೆಯ ಮರದ ಕ್ಯಾಮೆರಾವನ್ನು ಇವರು ಕೊಂಡು, ಮದ್ದೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು, ತವರಿನಿಂದ ಬಾಣಂತಿ ಕೂಸನ್ನು ಹೊತ್ತು ತರುವ ಹಾಗೆ. ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದ ಇವರಿಗೆ ಬರುವ ಸಂಬಳ ಎಷ್ಟು ಅಂತ ಪೇಟೆಗೆಲ್ಲ ಗೊತ್ತು. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು” ಅಂದುಬಿಟ್ಟು ಒಳಗೆ ಹೋದೆ. ಅವರು ಹೊರಗಿನಿಂದಲೇ, “ಹಿಟ್ಟು ಅದೆಯಲ್ಲೆ, ಇವತ್ತು ಮುದ್ದೆ ಉಂಡೆನಲ್ಲ” ಅಂದರು. ನನ್ನ ಬಾಯಿ ಜೋರು, ಅವರ ಬಾಯಿ ಮೆತ್ತಗೆ. ಆದರೂ ಕೊನೆಯ ಮಾತು ಯಾವಾಗಲೂ ಅವರದೇ ಆಗಿರುತ್ತಿತ್ತು.

ಅವರ ಲೆಕ್ಕಾಚಾರ ಬೇರೆ ಇತ್ತು. ಆಗ ನಮ್ಮ ಕಡೆಯ ಹೆಂಗಸರು ಫೋಟೊ ತೆಗೆಸಲು ಮಂಡ್ಯದ ಸ್ಟುಡಿಯೊಗೆ ಹೋಗುತ್ತಿರಲಿಲ್ಲ. ಗೊತ್ತಿಲ್ಲದ ಗಂಡಸಿನ ಮುಂದೆ ಕುರ್ಚಿಯ ಮೇಲೆ ಕೂತು ಮುಖ ತೋರಿಸುವುದು ಅಂದರೇನು? ಮಕ್ಕಳು ಮೊಮ್ಮಕ್ಕಳನ್ನು ಕಂಡ ಮುದುಕಿಯರು ಒಂದು ಫೋಟೊ ಇಲ್ಲದೆ ಹೋಗಿಬಿಡುತ್ತಿದ್ದರು. “ಮನೇಲಿ ತೆಗೆದರೆ ಬರುತ್ತಾರೆ. ನೀನಿರ್ತೀಯ, ಒಂದು ಲೋಟ ಕಾಫಿ ಕೊಡ್ತೀಯ, ಭಯ ಹೋಗ್ತದೆ” ಅಂದರು. ನನ್ನನ್ನು ಕೇಳದೆ ನನ್ನ ಕಾಫಿಯನ್ನೂ ಲೆಕ್ಕಕ್ಕೆ ಸೇರಿಸಿದ್ದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿ ಅಂತಲೂ ಅನ್ನಿಸಿತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಕ್ಯಾಮೆರಾ ಏನೋ ಬಂತು, ಬೆಳಕು ಬರಲಿಲ್ಲ. ನಮ್ಮದು ಹೆಂಚಿನ ಮನೆ. ಸ್ಟುಡಿಯೊ ಮಾಡಬೇಕೆಂದಿದ್ದ ಮುಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಮನೆಯ ಗೋಡೆ. ಹಗಲು ಹೊತ್ತಿನಲ್ಲೇ ಅಲ್ಲಿ ಅಕ್ಕಿಯ ಕಲ್ಲು ಆರಿಸಲಾಗುತ್ತಿರಲಿಲ್ಲ. ಕರೆಂಟು ಇತ್ತು, ಆದರೆ ಎರಡು ಸಣ್ಣ ಬಲ್ಬಿಗೆ ಆಗುವಷ್ಟು ಮಾತ್ರ. ಇವರು ಮೊದಲು ಮದುವೆಮನೆಗಳಿಗೆ ಬಾಡಿಗೆಗೆ ಕೊಡುವ ಗ್ಯಾಸ್‌ಲೈಟು ತಂದರು. ಅದು ಬುಸುಗುಟ್ಟಿಕೊಂಡು ಉರಿದು ಕೋಣೆಯನ್ನು ಒಲೆ ಮಾಡಿತು. ಅದೂ ಅಲ್ಲದೆ ಯುದ್ಧದ ಕಾಲ, ಸೀಮೆಎಣ್ಣೆಗೆ ಬಡಿದಾಟ. ಇದ್ದ ಎಣ್ಣೆಯನ್ನು ಫೋಟೊಗೆ ಸುರಿದರೆ ನಾವು ಕತ್ತಲೆಯಲ್ಲಿ ಉಣ್ಣಬೇಕಾಗುತ್ತಿತ್ತು. ಆಮೇಲೆ ಯಾರೋ ಹೇಳಿದರೆಂದು ಬೆಳಕಿನ ಪುಡಿ ತಂದರು. ತಟ್ಟೆಯಲ್ಲಿ ಇಟ್ಟು ಕಿಡಿ ಸೋಕಿಸಿದರೆ ಭಗ್ಗೆಂದು ಹೊತ್ತಿಕೊಳ್ಳುವ ಪುಡಿ ಅದು. ಹೊತ್ತಿಕೊಂಡಿತು. ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡು ಓಡಿತು, ತೊಲೆಗೆ ಮಸಿ ಮೆತ್ತಿತು, ನಾನು ದೇವರ ಕೋಣೆಗೆ ಓಡಿದೆ. ಅವರು ಮಾತ್ರ ಹೊಗೆಯ ಮಧ್ಯೆ ಕೂತು ನಿಧಾನವಾಗಿ, “ಇದು ಬೇಡ. ಇದಕ್ಕೆ ಮುದುಕಿಯರು ಹೆದರ್ತಾರೆ” ಅಂದರು.

ಮಂಡ್ಯಕ್ಕೆ ಹೋಗಿ ಅಲ್ಲಿನ ಸ್ಟುಡಿಯೊದ ದೀಪಗಳನ್ನೂ ನೋಡಿ ಬಂದರು. ಕಬ್ಬಿಣದ ಕಾಲಿನ ಮೇಲೆ ನಿಂತ ದೊಡ್ಡ ದೊಡ್ಡ ದೀಪಗಳು, ಹಿಂದೆ ಬೆಳ್ಳಿಯಂಥ ತಟ್ಟೆ. ಬೆಲೆ ಕೇಳಿದ್ದೇ ಎದ್ದು ಬಂದರಂತೆ. ಸಾಲ ಮಾಡು ಅಂದವರಿದ್ದರು. ಇವರು ಹಾಸಿಗೆ ಇದ್ದಷ್ಟೇ ಕಾಲು ಚಾಚುವವರು. ಕಾಲು ಮಡಚಿ ಮಲಗಿದರೂ ಸರಿಯೇ, ಇನ್ನೊಬ್ಬರ ಹಾಸಿಗೆ ಕೇಳುವವರಲ್ಲ. ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ಉದ್ದಕ್ಕೆ ಕತ್ತರಿಸಿದರು, ಒಳಗಡೆ ಬೂದಿ ಹಾಕಿ ಕನ್ನಡಿಯ ಹಾಗೆ ಉಜ್ಜಿದರು, ಒಂದೊಂದರಲ್ಲೂ ಒಂದೊಂದು ದಪ್ಪ ಬಲ್ಬು ಕೂರಿಸಿದರು. ಅದನ್ನು ನಿಲ್ಲಿಸಲು ಬಿದಿರು ಗಳ ಸಿಕ್ಕಿತು. ಗಳ ನಿಲ್ಲಲು ಭಾರದ ಬುಡ ಬೇಕಲ್ಲ? ನನ್ನ ರಾಗಿ ಬೀಸುವ ಕಲ್ಲಿನ ಮೇಲ್ಗಲ್ಲನ್ನು ಎತ್ತಿಕೊಂಡು ಹೋಗಿ ಅದರ ನಡುವಿನ ತೂತಿಗೆ ಗಳ ಸಿಕ್ಕಿಸಿಬಿಟ್ಟರು. ಎರಡನೆಯ ದೀಪಕ್ಕೆ ಕೆಳಗಲ್ಲನ್ನೂ ನೋಡುತ್ತಿದ್ದರು, ಅದರ ಮೇಲೆ ನಾನು ಕೂತುಬಿಟ್ಟೆ. ಅದಕ್ಕೆ ಮರಳು ತುಂಬಿದ ಗಡಿಗೆಯೇ ಗತಿಯಾಯಿತು.

ದೀಪವನ್ನು ಎಲ್ಲಿಟ್ಟರೆ ಮುಖದ ಮೇಲೆ ನೆರಳು ಎಲ್ಲಿ ಬೀಳುತ್ತದೆಂದು ಅವರಿಗೆ ನೋಡಬೇಕಿತ್ತು. ಒಂದು ಸಂಜೆ ನನ್ನನ್ನು ಕೂರಿಸಿದರು. ಒಲೆಯ ಮೇಲೆ ಸಾರು ಇಟ್ಟು ಬಂದವಳು ನಾನು, ಎಷ್ಟು ಹೊತ್ತು ಗೊಂಬೆಯಾಗಿರಲಿ? ಎದ್ದು ಹೋದೆ. ಮಾರನೆಯ ದಿನ ಸ್ಟೂಲಿನ ಮೇಲೆ ನನ್ನ ಜಾಗದಲ್ಲಿ ಒಂದು ಬೂದುಗುಂಬಳಕಾಯಿ ಕೂತಿತ್ತು, ಇದ್ದಲಿನಲ್ಲಿ ಕಣ್ಣು ಮೂಗು ಬರೆಸಿಕೊಂಡು, ತಲೆಗೆ ಟವೆಲ್ಲು ಸುತ್ತಿಸಿಕೊಂಡು. ಇವರು ಡಬ್ಬವನ್ನು ಅತ್ತ ಸರಿಸಿ ಇತ್ತ ಸರಿಸಿ, ಕಾಯಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ ನೋಡಿ, ಹಿತ್ತಲಿಂದ ನನ್ನ ಬಳಿಗೆ ಬಂದು ಮೆಲ್ಲಗೆ ಕೇಳಿದಳು: “ಮೇಷ್ಟ್ರು ಮಾಟ ಗೀಟ ಏನಾರ ಕಲೀತಾವ್ರೇನಮ್ಮ?”

ನಾನು ಅವರನ್ನು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಆದರೆ ಸತ್ಯ ಹೇಳಬೇಕು. ಆ ಮನುಷ್ಯನ ತಾಳ್ಮೆ ಕಂಡರೆ ನನಗೆ ಒಳಗೊಳಗೇ ಬಹಳ ಮೆಚ್ಚುಗೆಯಿತ್ತು. ನಾನಾಗಿದ್ದರೆ ಮೊದಲ ಹೊಗೆಗೇ ಕ್ಯಾಮೆರಾವನ್ನು ಶಿಂಷಾ ಹೊಳೆಗೆ ಎಸೆದು ಬರುತ್ತಿದ್ದೆ. ಅವರು ಕುಂಬಳಕಾಯಿಯ ಮುಂದೆ ಕೂತು, ಮೇಲಿನಿಂದ ಬೆಳಕು ಬಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಕೆಳಗೆ ಬಿಳಿ ಬಟ್ಟೆ ಹಾಸಿದರೆ ಆ ಕಪ್ಪು ತಿಳಿಯಾಗುತ್ತದೆ ಅಂತ ಒಂದೊಂದನ್ನೇ ಕಂಡುಕೊಂಡರು. ಕಾಯಿ ಮೆತ್ತಗಾಗುವ ಮುಂಚೆ ನಾನು ಅದನ್ನು ಹುಳಿ ಮಾಡಿದೆ.

ಡಬ್ಬದ ದೀಪಗಳು ಅಂತೂ ಸಿದ್ಧವಾದವು. ತೊಂದರೆ ಒಂದೇ. ಎರಡೂ ಬಲ್ಬು ತುಸು ಹೊತ್ತು ಉರಿದರೆ ನಮ್ಮ ಮನೆಯ ಫ್ಯೂಸು ತಡೆಯುತ್ತಿರಲಿಲ್ಲ. ಅದಕ್ಕೇ ಇವರು, ಕೂತವರನ್ನೆಲ್ಲ ಸರಿಮಾಡಿ, ಕೊನೆಯಲ್ಲಿ ಸ್ವಿಚ್ಚು ಒತ್ತಿ, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲಿ ಎಣಿಸಿ, ಮುಚ್ಚಿ, ತಕ್ಷಣ ದೀಪ ಆರಿಸಬೇಕೆಂದು ಕ್ರಮ ಮಾಡಿಕೊಂಡರು. ಕುಂಬಳಕಾಯಿಯ ವಿಷಯದಲ್ಲಿ ಇದು ಚೆನ್ನಾಗಿ ನಡೆದಿತ್ತು.

ಆ ಹೊತ್ತಿಗೆ ನನ್ನ ತಮ್ಮ ಬಂದ. ನಮ್ಮ ತವರು ಬೆಸಗರಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಗದ್ದೆ ನೋಡಿಕೊಂಡು ನಮ್ಮಿಬ್ಬರನ್ನು ಸಾಕಿದ್ದಳು. ತಮ್ಮ ಮಿಲಿಟರಿಗೆ ಸೇರಿ, ತರಬೇತಿ ಮುಗಿಸಿ, ಹಡಗು ಹತ್ತಿಸುವ ಮುಂಚೆ ಕೊಡುವ ರಜೆಯಲ್ಲಿ ಊರಿಗೆ ಬಂದಿದ್ದ. ಯಾವ ದೇಶಕ್ಕೆ ಅಂತ ಅವನಿಗೂ ಹೇಳಿರಲಿಲ್ಲ. ಹೊರಡುವ ಮುಂಚಿನ ದಿನ ಅವ್ವನನ್ನೂ ಕರೆದುಕೊಂಡು ಮದ್ದೂರಿಗೆ ಬಂದ. ಮಾರನೆಯ ಸಂಜೆ ಇಲ್ಲಿಂದಲೇ ರೈಲು.

“ಬಾವ, ಅವ್ವನ್ದು ಒಂದ್ ಪೋಟ ತಕ್ಕೊಡಿ. ಮಡೀಕಂಡ್ ಓಯ್ತೀನಿ” ಅಂದ.

ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದು ಆಗಿನ ನಂಬಿಕೆ. ಅವ್ವನೂ ನಂಬಿದ್ದಳು. ಒಪ್ಪುವುದಿಲ್ಲ ಅಂದುಕೊಂಡೆ. ಅವಳು ಎಲೆ ಅಡಿಕೆ ಮಡಚುತ್ತಾ, “ತಗೀಲಿ ಬುಡು. ನನ್ ಆಯಸ್ಸು ಓದ್ರೆ ಇವನ್ ಜೊತೇಲೇ ಓಗ್ಲಿ. ಅಲ್ಲಿ ಇವನ್ಗೇ ಬೇಕಾದದು” ಅಂದಳು. ಅಷ್ಟು ಸಲೀಸಾಗಿ, ಒಂದು ಸೇರು ರಾಗಿ ಅಳೆದು ಕೊಡುವ ಹಾಗೆ ಅಂದಳು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ.

ಸಂಜೆ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿದೆವು. ನಮ್ಮಲ್ಲಿ ಅತ್ತೆ ಅಳಿಯನ ಎದುರಿಗೆ ನೇರ ಕೂರುವುದಿಲ್ಲ, ತಲೆ ತುಂಬ ಸೆರಗು ಹೊದ್ದು ಪಕ್ಕಕ್ಕೆ ತಿರುಗಿರುತ್ತಾಳೆ. ಇಲ್ಲಿ ನೋಡಿದರೆ ಅಳಿಯನೇ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆಯ ಮುಸುಕು ಹಾಕಿಕೊಂಡು ನಿಂತಿದ್ದರು. ಅವ್ವನಿಗೆ ಅದೊಂದು ಸಮಾಧಾನವಾಯಿತು. “ಅವ್ರೇ ಮುಸುಕಾಕ್ಕಂಡವ್ರೆ, ಇನ್ ನಂಗ್ಯಾತ್ರುದ್ ನಾಚ್ಕೆ” ಅಂದು ಸೆರಗನ್ನು ಹಿಂದಕ್ಕೆ ಸರಿಸಿದಳು. ಒಂದೊಂದಕ್ಕೆ ಒಂದೇ ಫೋಟೊ ಮೂಡುವ ಗಾಜಿನ ಪ್ಲೇಟು ಇವರ ಬಳಿ ಮೂರೇ ಉಳಿದಿದ್ದವು. ಯುದ್ಧದಿಂದಾಗಿ ಅವೂ ಸಿಗುತ್ತಿರಲಿಲ್ಲ.

ಇವರು ಸ್ವಿಚ್ಚು ಒತ್ತಿದರು. ಕೋಣೆ ಬೆಳ್ಳಗಾಯಿತು. ಅವ್ವ ತಟ್ಟನೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತಲೆ ಬಗ್ಗಿಸಿದಳು.

ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ದೀಪ ಹತ್ತಿದರೆ ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಕೈಮುಗಿಯುವುದು ನಮ್ಮ ಹಳ್ಳಿಗಳ ವಾಡಿಕೆ. ಹರಳೆಣ್ಣೆಯ ಹಣತೆಗೆ ಮುಗಿಯುತ್ತಿದ್ದವರು ಲಾಟೀನಿಗೆ ಮುಗಿದರು, ಲಾಟೀನು ಹೋಗಿ ಕರೆಂಟು ಬಂದರೆ ಬಲ್ಬಿಗೂ ಮುಗಿದರು. ಬೆಳಕು ಎಲ್ಲಿಂದ ಬಂದರೇನು, ಬಂದದ್ದಕ್ಕೆ ಮರ್ಯಾದೆ ಬೇಡವೇ? ಅಷ್ಟರಲ್ಲಿ ಇವರು ಮುಚ್ಚಳ ತೆಗೆದು ಮುಚ್ಚಿಯೂ ಆಗಿತ್ತು. ಒಂದು ಪ್ಲೇಟು ಹೋಯಿತು.

ಇವರು ಬೇಸರ ತೋರಿಸದೆ ಅವ್ವನಿಗೆ ವಿವರಿಸಿದರು. ಅವ್ವ, “ಅಯ್ಯೋ, ಇನ್ ಮುಗ್ಯಾಕಿಲ್ಲ ಬುಡಿ ಅಳೀಮಯ್ಯ” ಅಂದಳು. ಮರೆಯದಿರಲಿ ಅಂತ ತಮ್ಮ ಅವಳ ಎರಡೂ ಕೈಗೆ ಎಲೆಅಡಿಕೆ ಚೀಲ ಹಿಡಿಸಿದ. ದೀಪ ಹತ್ತಿತು. ಕೈ ಚೀಲದಲ್ಲೇ ಇತ್ತು, ಆದರೆ ಕಣ್ಣು ಮುಚ್ಚಿ ತಲೆ ಬಾಗಿತು. ಎರಡನೆಯ ಪ್ಲೇಟೂ ಹೋಯಿತು.

ಮೂರನೆಯ ಸಲ ಅವ್ವ ಹಠ ತೊಟ್ಟಳು. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಕಣ್ಣು ಅಗಲ ಮಾಡಿದಳು, ತುಟಿ ಕಚ್ಚಿಕೊಂಡಳು. ಸ್ವಿಚ್ಚು ಒತ್ತಿದರು. ಅವ್ವ ಅಲ್ಲಾಡಲಿಲ್ಲ, ಕೈಮುಗಿಯಲಿಲ್ಲ. ಇವರು ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಚಟ್ಟೆಂದಿತು. ಫ್ಯೂಸು ಹೋಗಿ ಮನೆಯೆಲ್ಲ ಕತ್ತಲಾಯಿತು.

ಆ ಕತ್ತಲೆಯಲ್ಲಿ ಅವ್ವನ ದನಿ ಕೇಳಿತು. “ನೋಡುದ್ರಾ? ಕೈ ಮುಗೀನಿಲ್ಲ ಅಂತ ದೀಪಮ್ಮ ಮುನಿಸ್ಕಂಡ್ ಒಂಟೋದ್ಲು. ಇನ್ ನಾನ್ ಮುಗೀದೆ ಕೂರಾಕಿಲ್ಲ ಕಣ್ರಪ್ಪ. ಮಗ ದೂರ ಓಗೋ ಹೊತ್ನಲ್ಲಿ ದೀಪನ ಎದುರಾಕ್ಕಳಾಕಾಯ್ತದಾ?”

ನನಗೆ ತಡೆಯಲಾಗಲಿಲ್ಲ. “ಆ ಡಬ್ಬ ತಗೊಂಡೋಗಿ ತಿಪ್ಪೆಗೆ ಹಾಕಿ. ನನ್ನ ಬೀಸುವ ಕಲ್ಲು ನನಗೆ ಕೊಡಿ” ಅಂದೆ. ಇವರು ಹಣತೆ ಹಚ್ಚಿ ತಂದರು. ಅವ್ವ ಅದಕ್ಕೂ ಕೈಮುಗಿದಳು. ಆಮೇಲೆ ತಮ್ಮನ ತಲೆ ಸವರುತ್ತಾ, “ಬುಡು ಮಗ, ನನ್ ಮೊಕ ನಿಂಗ್ ಗೊತ್ತಿಲ್ವಾ?” ಅಂದಳು.

“ಗೊತ್ತದೆ ಕಣವ್ವ. ಅಲ್ ಓದ್ಮೇಲೆ ಮರ್ತೋಯ್ತದೇನೋ ಅಂತ ಬಯ” ಅಂದ ನನ್ನ ತಮ್ಮ. ಮಿಲಿಟರಿಯವನಾಗಿದ್ದ, ಮೀಸೆ ಬಂದಿತ್ತು, ಆದರೂ ಆ ಮಾತು ಆಡುವಾಗ ಅವನ ದನಿ ಚಿಕ್ಕವನ ದನಿಯಾಗಿತ್ತು. ಯಾರೂ ಸರಿಯಾಗಿ ಉಣ್ಣಲಿಲ್ಲ. ಇವರು ಗಳದಿಂದ ಡಬ್ಬಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬೀಸುವ ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿದರು. ಎಷ್ಟು ದಿನದ ಕೆಲಸ ಅದು! ಒಂದು ನಿಟ್ಟುಸಿರೂ ಇಲ್ಲ. ನಾನು ಬೈದದ್ದಕ್ಕೆ ಅವರು ತಿರುಗಿ ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

ಅದು ಅವರೆಕಾಯಿಯ ಕಾಲ. ಬೆಳಗ್ಗೆ ಅವ್ವ ಅಡುಗೆಮನೆಯ ನಡುವೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಾ ಕೂತಿದ್ದಳು. ಮಗನಿಗೆ ಹಿತಕಿದ ಅವರೆಬೇಳೆ ಸಾರು ಮಾಡಿ ಕಳಿಸಬೇಕೆಂದು ಊರಿನಿಂದಲೇ ಕಾಯಿ ತಂದಿದ್ದಳು. ಅಡುಗೆಮನೆಯ ಸೂರಿನಲ್ಲಿ ಗಾಜು ಕೂರಿಸಿದ ಬೆಳಕಿಂಡಿ ಇತ್ತು. ಹೊತ್ತು ಏರಿದಂತೆ ಅಲ್ಲಿಂದ ಬೆಳಕು ಇಳಿದು ಸರಿಯಾಗಿ ಅವಳು ಕೂತ ಕಡೆ ಬೀಳುತ್ತಿತ್ತು. ಕಾಫಿಗೆಂದು ಬಂದ ಇವರು ಬಾಗಿಲಲ್ಲೇ ನಿಂತರು. ಕಾಫಿ ಆರುತ್ತಿದೆ ಅಂದರೂ ಕೇಳಿಸಿಕೊಳ್ಳಲಿಲ್ಲ. ಮುಖದಲ್ಲಿ ಕುಂಬಳಕಾಯಿ ನೋಡುವಾಗಿನ ನೋಟ ಇತ್ತು.

“ಅತ್ತೆಮ್ಮ, ಈ ಬೆಳಕಿಗೆ ಕೈಮುಗಿಯಲ್ವಾ?” ಅಂದರು.

ಅವ್ವ ಸೆರಗೆಳೆದುಕೊಂಡು, ಗೋಡೆಗೆ ಹೇಳುವ ಹಾಗೆ ಉತ್ತರ ಕೊಟ್ಟಳು: “ಸೂರ್ಯಪ್ಪಂಗೆ ಎದ್ದೇಟ್ಗೇ ಮುಗ್ದಾಗದಲ್ಲಪ್ಪ. ಒಂದ್ ದಿನುಕ್ಕೆ ಎಷ್ಟ್ ಸಲ ಮುಗ್ಯಾನ?”

ಇವರು ಹೋಗಿ, ಉಳಿದಿದ್ದ ಒಂದೇ ಪ್ಲೇಟಿನ ಸಮೇತ ಕ್ಯಾಮೆರಾವನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ಬಂದರು. ಮೂರು ಕಾಲಿನ ಆ ಭೂತ ನನ್ನ ಒಲೆಯ ಪಕ್ಕ ನಿಂತಿತು. ಬೇರೆ ದಿನವಾಗಿದ್ದರೆ ಕಿರುಚುತ್ತಿದ್ದೆ. ಅವತ್ತು ನಾನೇ ಸಾರಿನ ಪಾತ್ರೆ ಪಕ್ಕಕ್ಕಿಟ್ಟು ಜಾಗ ಮಾಡಿಕೊಟ್ಟೆ. ಮೇಲಿನ ಬೆಳಕಿಗೆ ಅವ್ವನ ಕಣ್ಣಿನ ಕೆಳಗೆ ಕಪ್ಪು ಕೂತಿತ್ತು. ಇವರು ತಮ್ಮ ಮಡಿ ಪಂಚೆ ತಂದು ಅವಳ ಮುಂದೆ ನೆಲಕ್ಕೆ ಹಾಸಿದರು, ಕಪ್ಪು ತಿಳಿಯಾಯಿತು. ಇನ್ನೊಂದು ಪಂಚೆಯನ್ನು ತಮ್ಮನ ಕೈಗೆ ಕೊಟ್ಟು, ಅವ್ವನ ಪಕ್ಕಕ್ಕೆ ಮೊಣಕಾಲೂರಿ ಕೂತು ಅಗಲವಾಗಿ ಹಿಡಿಯಲು ಹೇಳಿದರು. ಕುಂಬಳಕಾಯಿ ಕಲಿಸಿದ್ದು ಒಂದೂ ಹಾಳಾಗಿರಲಿಲ್ಲ. ಒಂದು ಬಲ್ಬು ಇಲ್ಲ, ಒಂದು ತಂತಿ ಇಲ್ಲ. ಒಗೆದ ಎರಡು ಪಂಚೆಗಳಿಂದ ಆ ಮನುಷ್ಯ ನನ್ನ ತಾಯಿಯ ಮುಖಕ್ಕೆ ಬೆಳಕನ್ನು ಮೆಲ್ಲಮೆಲ್ಲಗೆ ತಂದರು. ನಾನು ಒಲೆಯ ಪಕ್ಕ ನಿಂತು ನೋಡುತ್ತಿದ್ದೆ. ಇಂಥವನನ್ನು ಕಟ್ಟಿಕೊಂಡೆನಲ್ಲ ಅಂತ ಹೆಮ್ಮೆಯಾಯಿತು.

“ಕೈ ಆಡಿಸಬೇಡಿ ಅತ್ತೆಮ್ಮ, ಹಾಗೇ ಇರಿ” ಅಂದು ಮುಸುಕು ಹಾಕಿಕೊಂಡರು. ಅವ್ವನಿಗೆ ಅಳಿಯನ ಕಡೆ ನೋಡುವ ಅಭ್ಯಾಸವಿಲ್ಲ. ಪಂಚೆ ಹಿಡಿದು ಕೂತಿದ್ದ ಮಗನ ಕಡೆ ಕಣ್ಣು ಹೊರಳಿಸಿದಳು. ಹತ್ತುವ ದೀಪವಿಲ್ಲ, ಮುಗಿಯುವ ಕೆಲಸವಿಲ್ಲ. ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ ಹಾಗೇ ಇತ್ತು. ಸಂಜೆ ಹೊರಡುವ ಮಗನನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಳು. ಇವರು ಮುಚ್ಚಳ ತೆಗೆದು ಮತ್ತೆ ಮುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ಇಡೀ ದಿನ ಓಡಾಟ. ರಾಗಿ ಗುಡಾಣದ ಕೋಣೆಯ ಕತ್ತಲೆಯಲ್ಲಿ ಮದ್ದಿನ ನೀರಿನಲ್ಲಿ ಪ್ಲೇಟು ತೊಳೆದದ್ದು, ಅದು ಒಣಗಲೆಂದು ನಾನು ಬೀಸಣಿಗೆ ಬೀಸಿದ್ದು, ಪ್ಲೇಟಿಗೆ ಫೋಟೊ ಮೂಡುವ ಕಾಗದ ಒತ್ತಿ ಹಿಡಿಸಿ ಜಗಲಿಯ ಬಿಸಿಲಿಗೆ ಇಟ್ಟು ಇವರು ಹಪ್ಪಳಕ್ಕೆ ಕಾವಲು ಕೂತ ಹಾಗೆ ಕೂತದ್ದು. ರೈಲಿನ ಹೊತ್ತಿಗೆ ಫೋಟೊ ಆಯಿತು. ಇವರು ಅವ್ವನಿಗೆ ತೋರಿಸಲು ಹೋದರು. ಅವಳು ಮುಖ ತಿರುಗಿಸಿದಳು. “ಕೊಟ್ಟಿದ್ನ ತಿರುಗಿ ನೋಡ್ಬಾರ್ದು. ಅವನ್ಗೇ ಕೊಡಿ” ಅಂದಳು. ತಮ್ಮ ಅದನ್ನು ಕಾಗದದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದ.

ನಮ್ಮ ಸ್ಟುಡಿಯೊಗೆ ಬೇಕಾದ ದೀಪ ಯಾವುದೆಂದು ಹೀಗೆ ತೀರ್ಮಾನವಾಯಿತು. ಮುಂದಿನ ಕೋಣೆಯ ಸೂರಿನಲ್ಲಿ ಕೆಲವು ಹೆಂಚು ತೆಗೆದು ಗಾಜಿನ ಹೆಂಚು ಹೊದಿಸಿದರು, ಕೆಳಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದರು. ಪಂಚೆಗಳಂತೂ ಮನೆಯವೇ. ಬೆಸಗರಹಳ್ಳಿಯಿಂದ, ಪೂರಿಗಾಲಿಯಿಂದ, ಎಲ್ಲೆಲ್ಲಿಂದಲೋ ಮುದುಕಿಯರು ಬಂದರು. ನನ್ನ ಕಾಫಿ ಕುಡಿದರು, ಕಣ್ಣು ಬಿಟ್ಟುಕೊಂಡು ಕೂತರು. ಡಬ್ಬಗಳಲ್ಲಿ ಒಂದರಲ್ಲಿ ನಾನು ಕನಕಾಂಬರದ ಗಿಡ ಹಾಕಿದೆ.

ತಮ್ಮನಿಂದ ಕಾಗದ ಬರುತ್ತಿತ್ತು, ಬಹಳ ದಿನ ಬರದೆಯೂ ಇರುತ್ತಿತ್ತು. ಬರದ ದಿನಗಳಲ್ಲಿ ಅವ್ವ ತನ್ನ ಮೈಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಣ್ಣ ಜ್ವರ ಬಂದರೂ ಒಳಗೊಳಗೇ ಖುಷಿಪಡುತ್ತಿದ್ದಳು. ತನ್ನದು ಕಡಿಮೆಯಾದಷ್ಟೂ ಅವನಿಗೆ ಸೇರುತ್ತಿದೆ ಅನ್ನುವ ಲೆಕ್ಕ ಅವಳದು. ನಾನು ಕಷಾಯ ಕುಡಿಸಲು ಹೋದರೆ ಬೇಡ ಅನ್ನುತ್ತಿದ್ದಳು. ಆ ಕಾಲವನ್ನು ಹೇಗೆ ಕಳೆದೆವೋ!

ಯುದ್ಧ ಮುಗಿದು ಒಂದಷ್ಟು ಕಾಲದ ಮೇಲೆ ಅವನು ಬಂದ. ಕರ್ರಗೆ, ಸಣಕಲಾಗಿ, ಆದರೆ ಪೂರ್ತಿಯಾಗಿ ಬಂದ. ಅವ್ವ ಆಗ ನಮ್ಮ ಮನೆಯಲ್ಲೇ ಇದ್ದಳು. ಅತ್ತದ್ದು, ತಬ್ಬಿಕೊಂಡದ್ದು, ಕಾಲು ತೊಳೆಸಿದ್ದು ಎಲ್ಲ ಆದ ಮೇಲೆ, ಸಂಜೆ, ಅವನ ಎದುರಿಗೆ ಕೂತು ಅವ್ವ ಕೈ ಚಾಚಿದಳು.

“ತತ್ತಾ ಇಲ್ಲಿ ಪೋಟನ.”

“ಯಾಕವ್ವ?”

“ನಿನ್ ಕೆಲ್ಸ ಆಯ್ತಲ್ಲ. ಇನ್ ನನ್ ಆಯಸ್ಸು ನಂಗ್ ಕೊಟ್ಬುಡು. ನಿನ್ ಮದ್ವೆ ನೋಡ್ಬ್ಯಾಡ್ವಾ ನಾನು?”

ತಮ್ಮ ಜೇಬಿನಿಂದ ತೆಗೆದುಕೊಟ್ಟ. ಬೆವರಿಗೆ ಮೂಲೆಗಳು ಕಂದಿದ್ದವು, ನಡುವೆ ಮಡಿಕೆ ಬಿದ್ದಿತ್ತು, ಮುಖ ಮಾತ್ರ ಹಾಗೇ ಇತ್ತು. ಅವ್ವ ಫೋಟೊದಲ್ಲಿ ತನ್ನ ಮುಖವನ್ನು ಮೊದಲ ಸಲ ನೋಡಿದಳು. ಬಹಳ ಹೊತ್ತು ನೋಡಿದಳು.

“ನಾನ್ ಯಾವ್ ಕಡೆ ನೋಡ್ತಾ ಇವ್ನಿ? ಅಳೀಮಯ್ಯ ಇತ್ಲಾಗ್ ಇದ್ರಲ್ಲ.”

“ನನ್ ಕಡೆ ಕಣವ್ವ. ಪಂಚೆ ಇಡ್ಕಂಡಿದ್ನಲ್ಲ” ಅಂದ ತಮ್ಮ. “ಅಲ್ಲಿ ಎಲ್ರೂ ಕೇಳೋರು, ನಿಮ್ಮವ್ವ ಯಾಕೆ ಓರೆಗ್ ನೋಡ್ತಾವ್ಳೆ ಅಂತ. ನನ್ನೇ ನೋಡ್ತಾವ್ಳೆ ಅಂತಿದ್ದೆ.”

ಹೊತ್ತು ಮುಳುಗುತ್ತಿತ್ತು. ಇವರು ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ಸ್ವಿಚ್ಚು ಒತ್ತಿದೆ. ಅವ್ವನ ಎರಡೂ ಕೈ ತಾವಾಗಿಯೇ ಕೂಡಿದವು, ಫೋಟೊ ನಡುವೆ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಆ ಸಲ ಅವಳು ಬೇಗ ಕಣ್ಣು ಬಿಡಲಿಲ್ಲ. ಬಿಡು ಅಂತ ನಾವು ಯಾರೂ ಹೇಳಲೂ ಇಲ್ಲ.